ಮಕ್ಕಳ ಮುಖ ಓದುವ ಕ್ಯಾಮೆರಾಗೆ ಅನುಮತಿ ಕೊಡಬೇಡಿ: ಚಿಕ್ಕಮಗಳೂರು ಜಿಲ್ಲಾಡಳಿತಕ್ಕೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ, ಹಾಗೂ ಶಾಲಾ ಶಿಕ್ಷಣ ಮತ್ತು ಪದವಿ ಪೂರ್ವ ಶಿಕ್ಷಣ ಇಲಾಖೆಗಳ ಉಪನಿರ್ದೇಶಕರಿಗೆ,

ನಮಸ್ಕಾರ.

ತರಗತಿಯಲ್ಲಿ ಕೂತ ಮಕ್ಕಳ ಮುಖ ನೋಡಿ, ಅವರು ದುಃಖದಲ್ಲಿದ್ದಾರೋ, ಸಿಟ್ಟಲ್ಲಿದ್ದಾರೋ, ಪಾಠದ ಕಡೆ ಗಮನ ಇದೆಯೋ ಇಲ್ಲವೋ ಅಂತ ಹೇಳುವ ಕ್ಯಾಮೆರಾಗಳನ್ನು ನಮ್ಮ ಕಡೆಯ ಕಾಲೇಜುಗಳಿಗೆ ಮಾರಲು ಬರುತ್ತಿದ್ದಾರೆ. ಅದಕ್ಕೆ ಅನುಮತಿ ಕೊಡಬೇಡಿ ಅಂತ ಕೇಳಿಕೊಳ್ಳಲು ಈ ಪತ್ರ.

ನನ್ನ ಮಗಳು ಚಿಕ್ಕಮಗಳೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಪಿಯುಸಿ ಓದುತ್ತಿದ್ದಾಳೆ. ನಾನು ಮನೆಯಿಂದಲೇ ಕೆಲಸ ಮಾಡುತ್ತೇನೆ. ಕನ್ನಡದ ಧ್ವನಿ ತುಣುಕುಗಳನ್ನು ಕೇಳಿ, ಮಾತಾಡಿದವರ ಭಾವನೆ ಯಾವುದು ಅಂತ ಗುರುತು ಹಾಕುವ ಕೆಲಸ. ದನಿ ಕೇಳುವ ಸಾಫ್ಟ್‌ವೇರ್ ಆಗಲಿ, ಮುಖ ನೋಡುವ ಸಾಫ್ಟ್‌ವೇರ್ ಆಗಲಿ, ಕಲಿಯುವುದು ನಮ್ಮಂಥವರು ಹಾಕಿದ ಗುರುತುಗಳಿಂದಲೇ. ತಾಯಿಯಾಗಿ ನನಗಿರುವ ಆತಂಕ ಒಂದು ಕಡೆ. ಈ ಯಂತ್ರ ಒಳಗಿನಿಂದ ಹೇಗಿರುತ್ತದೆ ಅಂತ ಬಲ್ಲವಳಾಗಿ ಹೇಳಲೇಬೇಕಾದ್ದು ಇನ್ನೂ ಜಾಸ್ತಿ ಇದೆ.

ಪೋಷಕರ ಸಭೆಯಲ್ಲಿ ಡೆಮೊ ತೋರಿಸಿದರು. ಗೋಡೆಯ ಮೇಲೆ ಪ್ರೊಜೆಕ್ಟರ್, ಅದರಲ್ಲಿ ಪಕ್ಕದ ತರಗತಿಯ ನೇರ ದೃಶ್ಯ. ಪ್ರತಿಯೊಬ್ಬರ ಮುಖದ ಸುತ್ತ ಒಂದು ಹಸಿರು ಚೌಕ, ಚೌಕದ ಮೇಲೆ ಇಂಗ್ಲಿಷಿನಲ್ಲಿ ಒಂದು ಪದ, ಪಕ್ಕದಲ್ಲಿ ಶೇಕಡಾವಾರು ಅಂಕಿ. ಕ್ಷಣಕ್ಷಣಕ್ಕೂ ಬದಲಾಗುತ್ತಿತ್ತು. ಎರಡನೇ ಬೆಂಚಿನ ಹುಡುಗ ತಲೆ ಬಗ್ಗಿಸಿ ನೋಟ್ಸ್ ಬರೆದುಕೊಳ್ಳುತ್ತಿದ್ದ. ಅವನ ಚೌಕದ ಮೇಲೆ 'ಸ್ಯಾಡ್' ಅಂತ ಬಂತು. ಲೆಕ್ಕ ಬಿಡಿಸುತ್ತಾ ಹುಬ್ಬು ಗಂಟಿಕ್ಕಿಕೊಂಡಿದ್ದ ಹುಡುಗಿಗೆ 'ಆ್ಯಂಗ್ರಿ'. ಇನ್ನೊಬ್ಬ ಹುಡುಗಿ ಮೇಷ್ಟ್ರು ಪ್ರಶ್ನೆ ಕೇಳಿದಾಗ ಎದ್ದು ನಿಂತು, ನೆಲ ನೋಡುತ್ತಾ ಉತ್ತರ ಕೊಟ್ಟಳು. ಉತ್ತರ ಸರಿಯಾಗೇ ಇತ್ತು. ಅವಳಿಗೆ 'ಗಮನ ಇಲ್ಲ' ಅಂತ ಕೆಂಪು ಗುರುತು. ದೊಡ್ಡವರ ಎದುರು ಕಣ್ಣಲ್ಲಿ ಕಣ್ಣಿಟ್ಟು ಮಾತಾಡಬಾರದು ಅಂತ ನಾವೇ ಅಲ್ವಾ ಮಕ್ಕಳಿಗೆ ಹೇಳಿಕೊಟ್ಟಿದ್ದು?

ವಾರಕ್ಕೊಮ್ಮೆ ಪೋಷಕರ ಮೊಬೈಲಿಗೆ ವರದಿ ಬರುತ್ತದಂತೆ. ಮಗಳ ಗಮನ ಇಷ್ಟು, ಸಂತೋಷ ಇಷ್ಟು ಅಂತ. ಆ ವರದಿ ನೋಡಿ ಮನೆಯಲ್ಲಿ ಬೈಗುಳ ತಿನ್ನುವ ಮಕ್ಕಳು ಎಷ್ಟಿರುತ್ತಾರೆ ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಕೆಲವರ ಮನೆಯಲ್ಲಿ ಬೈಗುಳಕ್ಕೇ ನಿಲ್ಲುವುದೂ ಇಲ್ಲ.

ಆಡಳಿತ ಮಂಡಳಿಯವರ ಉದ್ದೇಶ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಹಾಸ್ಟೆಲಿನಲ್ಲಿರುವ ಮಕ್ಕಳ ಬಗ್ಗೆ ಅವರಿಗೆ ನಿಜವಾಗಿಯೂ ಭಯ ಇದೆ. ಪರೀಕ್ಷೆ ಹತ್ತಿರ ಬಂದಾಗ ಯಾವ ಮಗುವಿನ ಮನಸ್ಸಿನಲ್ಲಿ ಏನಿದೆಯೋ ಅಂತ ವಾರ್ಡನ್‌ಗಳಿಗೆ ನಿದ್ದೆ ಬರುವುದಿಲ್ಲ. ಆ ಭಯವನ್ನೇ ಹಿಡಿದುಕೊಂಡು ಈ ವ್ಯಾಪಾರ ನಡೆಯುತ್ತಿದೆ. 'ಮೊದಲೇ ಗೊತ್ತಾಗುತ್ತದೆ' ಅಂತ ಮಾರಾಟಕ್ಕೆ ಬಂದವರು ಮತ್ತೆ ಮತ್ತೆ ಹೇಳಿದರು. ಹಾಗೆ ಗೊತ್ತಾಗುವುದಿಲ್ಲ. ಯಾಕೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ, ದಯವಿಟ್ಟು ಪೂರ್ತಿ ಓದಿ.

ಹೆಡ್‌ಫೋನ್ ಹಾಕಿಕೊಂಡು ಕೂತರೆ ನನ್ನ ಪರದೆಗೆ ಒಂದೊಂದೇ ತುಣುಕು ಬರುತ್ತದೆ. ಕೆಲವೇ ಸೆಕೆಂಡಿನ ಮಾತು. ಮಾತಾಡಿದ್ದು ಯಾರು, ಯಾರ ಹತ್ತಿರ, ಅದಕ್ಕೆ ಮುಂಚೆ ಏನಾಗಿತ್ತು, ಒಂದೂ ಗೊತ್ತಿರುವುದಿಲ್ಲ. ಕೆಳಗೆ ಏಳು ಬಟನ್: ಸಿಟ್ಟು, ದುಃಖ, ಸಂತೋಷ, ಭಯ, ಆಶ್ಚರ್ಯ, ಅಸಹ್ಯ, ಯಾವುದೂ ಅಲ್ಲದಿದ್ದರೆ 'ನ್ಯೂಟ್ರಲ್'. ಒಂದನ್ನೇ ಒತ್ತಬೇಕು. ಒಂದೇ ತುಣುಕನ್ನು ಮೂರು ಜನ ಬೇರೆ ಬೇರೆಯಾಗಿ ಕೇಳುತ್ತಾರೆ. ಇಬ್ಬರ ಉತ್ತರ ಒಂದೇ ಆದರೆ ಅದೇ ಸರಿ ಅಂತ ದಾಖಲಾಗುತ್ತದೆ. ಮೂವರೂ ಮೂರು ದಾರಿ ಹಿಡಿದರೆ ಆ ತುಣುಕನ್ನು ತೆಗೆದು ಹಾಕುತ್ತಾರೆ.

ಇಲ್ಲೇ ದೊಡ್ಡ ಸಮಸ್ಯೆ ಇರುವುದು. ಮನುಷ್ಯರಿಗೇ ಅನುಮಾನ ಬಂದ ತುಣುಕುಗಳೆಲ್ಲ ಹೊರಗೆ ಹೋಗುತ್ತವೆ. ಜೋರಾಗಿ ಅತ್ತಿದ್ದು, ಜೋರಾಗಿ ನಕ್ಕಿದ್ದು, ಕೂಗಾಡಿದ್ದು ಉಳಿಯುತ್ತದೆ. ಯಂತ್ರ ಕಲಿಯುವುದು ಆ ಸುಲಭದ ತುಣುಕುಗಳಿಂದ, ಅದಕ್ಕೆ ಪರೀಕ್ಷೆ ಕೊಡುವುದೂ ಅಂಥವುಗಳ ಮೇಲೆಯೇ. ಆಮೇಲೆ 'ನೂರಕ್ಕೆ ತೊಂಬತ್ತು ಸರಿ' ಅಂತ ಬ್ರೋಷರಿನಲ್ಲಿ ಅಚ್ಚಾಗುತ್ತದೆ. ದಿನನಿತ್ಯ ನಾವು ಆಡುವ ಮಾತು ಎಷ್ಟು ಅಷ್ಟು ಸ್ಪಷ್ಟವಾಗಿರುತ್ತದೆ ಹೇಳಿ? ಹೊಟ್ಟೆಯೊಳಗೆ ಸಂಕಟ ಇಟ್ಟುಕೊಂಡು ನಗುತ್ತಾ ಮಾತಾಡುವುದು, ಪ್ರೀತಿಯಿಂದಲೇ ಬೈಯುವುದು, ಹೆದರಿಕೆಯಾದಾಗ ರೇಗಾಡುವುದು, ಇವೆಲ್ಲ ಯಾವ ಬಟನ್ನಿಗೆ ಸೇರಬೇಕು?

ಎರಡು ತುಣುಕುಗಳ ಬಗ್ಗೆ ಹೇಳುತ್ತೇನೆ. ಮಾತು, ಊರು ಎರಡನ್ನೂ ಬದಲಿಸಿದ್ದೇನೆ, ಯಾರದು ಅಂತ ತಿಳಿಯಬಾರದಲ್ಲ. ಒಂದರಲ್ಲಿ ಕಡೂರಿನ ಕಡೆಯ ಗಂಡಸು ಕೊಬ್ಬರಿ ವ್ಯಾಪಾರ ಮಾಡುತ್ತಿದ್ದಾರೆ. 'ಏನ್ ರೇಟ್ ಹೇಳ್ತೀಯಪ್ಪ ನೀನು, ತಲೆ ನೆಟ್ಟಗಿದ್ಯಾ?' ಅಂತ ಗಂಟಲು ಹರಿಯುವ ಹಾಗೆ ಕೇಳುತ್ತಾರೆ. ಬಯಲುಸೀಮೆಯ ಸಂತೆ ನೋಡಿದವರಿಗೆ ಇದು ಹಳೇ ಗೆಳೆಯರ ಚೌಕಾಸಿ ಅಂತ ಥಟ್ಟನೆ ಗೊತ್ತಾಗುತ್ತದೆ. ಉಳಿದ ಇಬ್ಬರು ಒತ್ತಿದ್ದು 'ಸಿಟ್ಟು'. ಅದೇ ದಾಖಲಾಯಿತು.

ಇನ್ನೊಂದರಲ್ಲಿ ಕೊಪ್ಪದ ಕಡೆಯ ಹೆಂಗಸು ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದಾರೆ, 'ಅಡ್ಡಿಲ್ಲ ಬಿಡಿ, ಈ ಸಲನೂ ಎಲೆಚುಕ್ಕಿ ಬಂತು, ಏನ್ ಮಾಡಕ್ಕಾಗುತ್ತೆ.' ದನಿ ಏರಲಿಲ್ಲ, ಇಳಿಯಲಿಲ್ಲ. ಎಲೆಚುಕ್ಕಿ ರೋಗ ಬಂದ ಅಡಿಕೆ ತೋಟ ನೋಡಿದವರು ಈ ಮಾತು ಕೇಳಿದರೆ ಒಂದು ಕ್ಷಣ ಸುಮ್ಮನಾಗುತ್ತಾರೆ. ಆ ತುಣುಕಿಗೆ ಬಿದ್ದ ಗುರುತು 'ನ್ಯೂಟ್ರಲ್'.

ಎರಡೂ ನಮ್ಮದೇ ಜಿಲ್ಲೆಯ ದನಿಗಳು. ಕಡೂರು, ಅಜ್ಜಂಪುರದ ಮಾತಿನ ಜೋರು ಶೃಂಗೇರಿ, ಕೊಪ್ಪಕ್ಕೆ ಬರುವ ಹೊತ್ತಿಗೆ ಅರ್ಧಕ್ಕಿಳಿದಿರುತ್ತದೆ. ಒಂದೇ ಭಾಷೆ ಆಡುವ ಒಂದೇ ಜಿಲ್ಲೆಯೊಳಗೇ ಇಷ್ಟು ವ್ಯತ್ಯಾಸ ಇದೆ. ಇನ್ನು ಇಂಗ್ಲಿಷ್, ಜರ್ಮನ್ ದನಿ ಕೇಳಿ ಕಲಿತ ಯಂತ್ರದ ಕಥೆ ಏನು? ಭಾವನೆ ಗುರುತಿಸುವ ಸಂಶೋಧನೆಯಲ್ಲಿ ಬಹಳ ಜನ ಬಳಸಿದ ಧ್ವನಿ ಸಂಗ್ರಹಗಳಲ್ಲಿ ಒಂದು ಬರ್ಲಿನ್ನಿನದು. ಹತ್ತು ಜನ ನಟನಟಿಯರು ಹತ್ತು ಜರ್ಮನ್ ವಾಕ್ಯಗಳನ್ನು ಬೇರೆ ಬೇರೆ ಭಾವನೆಯಲ್ಲಿ ಹೇಳಿದ್ದು. ಇನ್ನೊಂದು ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ್ದು, 2008ರದ್ದು. ಅದರಲ್ಲೂ ಹತ್ತು ಜನ ನಟನಟಿಯರು, ಸುಮಾರು ಹನ್ನೆರಡು ಗಂಟೆಯ ಇಂಗ್ಲಿಷ್ ಮಾತು. ಸಂಶೋಧನೆಗೆ ಇವು ಬೇಕು, ಅವರ ಶ್ರಮಕ್ಕೆ ನನ್ನ ಗೌರವ ಇದೆ. ಆದರೆ ಸ್ಟುಡಿಯೋದಲ್ಲಿ ನಟಿಸಿದ ಸಿಟ್ಟಿಗೂ, ಕಳಸದ ಕಡೆ ಟವರ್ ಸಿಗದೆ ಗುಡ್ಡ ಹತ್ತಿ 'ಹಲೋ, ಕೇಳ್ತಾ ಇದ್ಯಾ?' ಅಂತ ಕೂಗುವ ದನಿಗೂ ಯಂತ್ರಕ್ಕೆ ವ್ಯತ್ಯಾಸ ತಿಳಿಯಬೇಕಲ್ಲ. ಧ್ವನಿ ಎಷ್ಟು ಜೋರು, ಎಷ್ಟು ಏರಿತು, ಎಷ್ಟು ವೇಗ, ಇದನ್ನು ಯಂತ್ರ ಚೆನ್ನಾಗಿ ಅಳೆಯುತ್ತದೆ. ಮಾತಾಡಿದವರು ಉದ್ವೇಗದಲ್ಲಿದ್ದಾರೆ ಅಂತ ಅದರಿಂದ ಹೇಳಬಹುದು. ಆ ಉದ್ವೇಗ ಖುಷಿಯದ್ದೋ ಕೋಪದ್ದೋ ಅನ್ನುವಲ್ಲಿ ಎಡವುತ್ತದೆ. ಜೋರು ಮಳೆಯಲ್ಲಿ ಶೀಟಿನ ಮನೆಯೊಳಗೆ ಕೂತು ಫೋನಿನಲ್ಲಿ ಮಾತಾಡಿದವರೆಲ್ಲ ಅದರ ಲೆಕ್ಕದಲ್ಲಿ ಕೋಪಿಷ್ಠರೇ ಆಗಬಹುದು.

ಭಾಷೆ ದೂರವಾದಷ್ಟೂ ಮನುಷ್ಯರ ಕಿವಿಗೂ ಇದು ಕಷ್ಟ. 2001ರಲ್ಲಿ ಮನಶ್ಶಾಸ್ತ್ರಜ್ಞ ಕ್ಲಾಸ್ ಶೆರರ್ ಮತ್ತು ಜೊತೆಗಾರರು ಒಂಬತ್ತು ದೇಶಗಳಲ್ಲಿ ನಡೆಸಿದ ಅಧ್ಯಯನ ಪ್ರಕಟವಾಯಿತು. ಜರ್ಮನಿಯ ನಟರು ಅರ್ಥವಿಲ್ಲದ ವಾಕ್ಯಗಳನ್ನು ಸಿಟ್ಟು, ದುಃಖ, ಭಯ, ಸಂತೋಷದಲ್ಲಿ, ಆಮೇಲೆ ಯಾವ ಭಾವವೂ ಇಲ್ಲದೆ ಹೇಳಿದ್ದರು. ಜರ್ಮನಿಯ ಕೇಳುಗರು ನೂರಕ್ಕೆ 74 ಸಲ ಸರಿಯಾಗಿ ಗುರುತಿಸಿದರು. ಇಂಡೊನೇಷ್ಯಾದವರು 52 ಸಲ. ಸುಮ್ನೆ ಊಹಿಸಿದ್ದಕ್ಕಿಂತ ಇದು ಎಷ್ಟೋ ಮೇಲು, ನಿಜ. ಮನುಷ್ಯರ ದನಿಯಲ್ಲಿ ಎಲ್ಲರಿಗೂ ತಿಳಿಯುವಂಥದ್ದು ಏನೋ ಇದೆ ಅಂತ ನಾನೂ ನಂಬುತ್ತೇನೆ. ಆದರೆ ಅರ್ಧದಷ್ಟು ಸಲ ತಪ್ಪುವುದನ್ನು ಒಂದು ಮಗುವಿನ ವರದಿಯಲ್ಲಿ ಬರೆಯಲಾಗದು. ಮುಖದ ವಿಷಯದಲ್ಲೂ ಹೀಗೆಯೇ. ಸಂಶೋಧಕರಾದ ಹಿಲರಿ ಎಲ್ಫೆನ್‌ಬೈನ್ ಮತ್ತು ನಳಿನಿ ಅಂಬಾಡಿ ಅವರು ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿ, 2002ರಲ್ಲಿ ಇದನ್ನೇ ಹೇಳಿದರು. ಬೇರೆ ಸಂಸ್ಕೃತಿಯವರ ಭಾವನೆ ಸ್ವಲ್ಪ ಮಟ್ಟಿಗೆ ತಿಳಿಯುತ್ತದೆ, ತಮ್ಮವರದು ಹೆಚ್ಚು ಚೆನ್ನಾಗಿ ತಿಳಿಯುತ್ತದೆ.

ನನ್ನ ಪರದೆಯಲ್ಲಿ 'ನ್ಯೂಟ್ರಲ್' ಬಿಟ್ಟು ಉಳಿದ ಆ ಆರು ಬಟನ್‌ಗಳು ಎಲ್ಲಿಂದ ಬಂದವು ಅಂತ ಹುಡುಕಿ ಓದಿದ್ದೇನೆ. ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ಎಕ್ಮನ್ 1960ರ ದಶಕದ ಕೊನೆಗೆ ಪಪುವಾ ನ್ಯೂಗಿನಿಯ ಫೋರೆ ಜನರಿಗೆ ಚಿಕ್ಕ ಚಿಕ್ಕ ಕಥೆ ಹೇಳಿ, ಅದಕ್ಕೆ ಹೊಂದುವ ಮುಖದ ಫೋಟೋ ಆರಿಸಲು ಹೇಳಿದರು. ಅವರ ಉತ್ತರ ಅಮೆರಿಕದವರ ಉತ್ತರಕ್ಕೆ ಬಹುಪಾಲು ಹೊಂದಿತು. ಮೂಲ ಭಾವನೆಗಳ ಮುಖ ಲೋಕಕ್ಕೆಲ್ಲ ಒಂದೇ ಎಂಬ ಮಾತು ಅಲ್ಲಿಂದ ಗಟ್ಟಿಯಾಯಿತು. 1978ರಲ್ಲಿ ಅವರೂ ವಾಲೇಸ್ ಫ್ರೀಸನ್ ಅವರೂ ಸೇರಿ ಮುಖದ ಸ್ನಾಯುಗಳ ಒಂದೊಂದು ಚಲನೆಗೂ ಸಂಖ್ಯೆ ಕೊಟ್ಟು ಪಟ್ಟಿ ಮಾಡಿದರು. ಮುಖ ಓದುವ ಎಷ್ಟೋ ಸಾಫ್ಟ್‌ವೇರ್‌ಗಳಿಗೆ ಇದೇ ಬುನಾದಿ. ಅದೇ ಪಪುವಾ ನ್ಯೂಗಿನಿಯ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಇನ್ನೊಂದು ತಂಡ ನಡೆಸಿದ ಅಧ್ಯಯನ 2016ರಲ್ಲಿ ಬಂತು. ಕಣ್ಣರಳಿಸಿ ಬಾಯಿ ತೆರೆದ ಮುಖ ನಮಗೆಲ್ಲ ಭಯದ ಮುಖ. ಅಲ್ಲಿನ ಹುಡುಗ ಹುಡುಗಿಯರಿಗೆ ಅದು ಹೆದರಿಸುವವರ, ಸಿಟ್ಟಾದವರ ಮುಖವಾಗಿ ಕಂಡಿತು. 2019ರಲ್ಲಿ ಲೀಸಾ ಫೆಲ್ಡ್‌ಮನ್ ಬ್ಯಾರೆಟ್ ಮತ್ತು ಇನ್ನು ನಾಲ್ವರು ವಿಜ್ಞಾನಿಗಳು ಸಾವಿರಕ್ಕೂ ಹೆಚ್ಚು ಸಂಶೋಧನಾ ಬರಹಗಳನ್ನು ಪರಿಶೀಲಿಸಿದರು. ಸಿಟ್ಟು ಬಂದಾಗ ಜನ ಮುಖ ಗಂಟಿಕ್ಕುವುದು ಸರಾಸರಿ ನೂರಕ್ಕೆ ಸುಮಾರು 30 ಸಲ ಮಾತ್ರ ಅಂತ ಅವರು ಕಂಡರು. ಮಿಕ್ಕ ಸಲ ಸಿಟ್ಟು ಇನ್ನು ಹೇಗೆ ಹೇಗೋ ಬರುತ್ತದೆ. ಮುಖ ಗಂಟಿಕ್ಕಿದವರೆಲ್ಲ ಸಿಟ್ಟಾಗಿರುವುದೂ ಇಲ್ಲ. ಲೆಕ್ಕ ಬಿಡಿಸುತ್ತಿದ್ದ ಆ ಹುಡುಗಿಯನ್ನೇ ನೆನಪಿಸಿಕೊಳ್ಳಿ.

ನಮ್ಮವರಿಗೆ ಇದೇನು ಹೊಸ ವಿಷಯ ಅಲ್ಲ. ಭರತನ ನಾಟ್ಯಶಾಸ್ತ್ರ ಎಂಟು ಸ್ಥಾಯಿಭಾವ, ಮೂವತ್ತಮೂರು ಸಂಚಾರಿಭಾವ, ಎಂಟು ಸಾತ್ವಿಕಭಾವ ಅಂತ ಒಟ್ಟು 49 ಭಾವಗಳನ್ನು ಹೇಳುತ್ತದೆ. ಅಷ್ಟು ಹೇಳಿಯೂ, ಕಣ್ಣಿಗೆ ಕಾಣುವ ಅನುಭಾವ ಒಂದೇ ಸಾಕು ಅನ್ನುವುದಿಲ್ಲ. ಭಾವ ಹುಟ್ಟಲು ಕಾರಣವಾದ ವಿಭಾವವೂ ಜೊತೆಗಿರಬೇಕು. ಶೃಂಗೇರಿ, ಕೊಪ್ಪದ ಕಡೆ ರಾತ್ರಿ ಪೂರ್ತಿ ಯಕ್ಷಗಾನ ನೋಡಿದವರಿಗೆ ಇದು ಓದದೆಯೂ ಗೊತ್ತು. ಭಾಗವತರ ಪದ, ಮದ್ದಳೆಯ ಪೆಟ್ಟು, ಹಿಂದಿನ ಗಳಿಗೆಯಲ್ಲಿ ರಂಗದ ಮೇಲೆ ನಡೆದದ್ದು, ಎಲ್ಲ ಸೇರಿದಾಗಲೇ ಬಣ್ಣ ಹಚ್ಚಿದ ಮುಖದಲ್ಲಿ ನಮಗೆ ಅಳು ಕಾಣುವುದು. ತರಗತಿಯ ಕ್ಯಾಮೆರಾಗೆ ಕಾಣುವುದು ಮುಖ ಒಂದೇ. ಬೆಳಿಗ್ಗೆ ಆ ಹುಡುಗನ ಮನೆಯಲ್ಲಿ ಏನಾಯಿತು, ಬಸ್ಸಿಗೆ ಎಷ್ಟು ಹೊತ್ತು ಕಾದ, ತಿಂಡಿ ತಿಂದಿದ್ದಾನಾ, ಅದಕ್ಕೆ ಎಲ್ಲಿಂದ ತಿಳಿಯಬೇಕು?

ತೋಟಗಳಿಗೆ ಕೆಲಸಕ್ಕೆ ಬಂದವರ ಮಕ್ಕಳ ಬಗ್ಗೆ ನನಗೆ ಎಲ್ಲಕ್ಕಿಂತ ಜಾಸ್ತಿ ಚಿಂತೆ. ಇಲ್ಲಿನ ಮತ್ತು ಸಕಲೇಶಪುರದ ಕಾಫಿ ತೋಟದ ಲೈನ್ ಮನೆಗಳಲ್ಲಿ ಈಗ ಕನ್ನಡ, ತುಳು, ತಮಿಳಿನ ಜೊತೆ ಅಸ್ಸಾಮಿನ, ಜಾರ್ಖಂಡಿನ ಭಾಷೆಗಳೂ ಕೇಳಿಸುತ್ತವೆ. ಆ ಮಕ್ಕಳು ನಮ್ಮ ಸರ್ಕಾರಿ ಶಾಲೆಗಳಲ್ಲಿ ಕನ್ನಡ ಕಲಿಯುತ್ತಿದ್ದಾರೆ. ಅವರ ಅಪ್ಪ ಅಮ್ಮ ತೋಟದ ಲೆಕ್ಕ ನೋಡುವ ರೈಟರ್ ಎದುರು, ಡಾಕ್ಟರ್ ಎದುರು ನಗುತ್ತಾ ನಿಲ್ಲುತ್ತಾರೆ, ಮೈಯಲ್ಲಿ ಜ್ವರ ಇದ್ದರೂ. ದೊಡ್ಡವರ ಎದುರು ಸಂಕಟವನ್ನು ನಗುವಿನ ಹಿಂದೆ ಅಡಗಿಸುವುದನ್ನು ಎಕ್ಮನ್, ಫ್ರೀಸನ್ ಅವರೇ ಜಪಾನಿನ ವಿದ್ಯಾರ್ಥಿಗಳಲ್ಲಿ ನೋಡಿ ಬರೆದಿದ್ದಾರೆ. ಒಬ್ಬರೇ ಕೂತು ಘೋರ ದೃಶ್ಯ ನೋಡುವಾಗ ಕಂಡ ಸಂಕಟದ ಮುಖ, ಸಂಶೋಧಕರು ಪಕ್ಕದಲ್ಲಿ ಕೂತಾಗ ನಗುವಾಗಿ ಬದಲಾಗುತ್ತಿತ್ತು. ಆ ನಗುವನ್ನು ನೋಡಿ ಯಂತ್ರ 'ಹ್ಯಾಪಿ' ಅಂದರೆ, ನಿಜವಾಗಿ ಸಹಾಯ ಬೇಕಾದ ಮಗುವೇ ಪಟ್ಟಿಯಿಂದ ತಪ್ಪಿಹೋಗುತ್ತದೆ. ತಪ್ಪು ಮಗುವನ್ನು ಹಿಡಿಯುವುದಕ್ಕಿಂತ ಇದು ಇನ್ನೂ ಅಪಾಯ.

ಬೇರೆ ಕಡೆ ಏನಾಗಿದೆ ಅಂತಲೂ ನೋಡಿ. 2018ರಲ್ಲಿ ಚೀನಾದ ಹಾಂಗ್‌ಝೌ ನಗರದ ಒಂದು ಶಾಲೆಯಲ್ಲಿ 30 ಸೆಕೆಂಡಿಗೊಮ್ಮೆ ಮಕ್ಕಳ ಮುಖ ಓದುವ ಕ್ಯಾಮೆರಾ ಹಾಕಿದ್ದು ದೊಡ್ಡ ಸುದ್ದಿಯಾಗಿತ್ತು. 2021ರ ಜನವರಿಯಲ್ಲಿ ಲಖನೌ ಪೊಲೀಸರು, ತೊಂದರೆಯಲ್ಲಿರುವ ಹೆಂಗಸರ ಮುಖಭಾವ ನೋಡಿ ಎಚ್ಚರಿಸುವ ಕ್ಯಾಮೆರಾ ಹಾಕುತ್ತೇವೆ ಅಂದಾಗ ನಮ್ಮ ದೇಶದಲ್ಲೂ ಆಕ್ಷೇಪಗಳು ಬಂದವು. ಇಂಥ ಸೌಲಭ್ಯ ಮಾರುತ್ತಿದ್ದ ಮೈಕ್ರೋಸಾಫ್ಟ್ ಕಂಪನಿಯೇ 2022ರ ಜೂನ್‌ನಲ್ಲಿ, ಮುಖ ನೋಡಿ ಭಾವನೆ ಹೇಳುವ ಸೌಲಭ್ಯವನ್ನು ಹಿಂತೆಗೆಯುತ್ತೇವೆ ಅಂತ ಪ್ರಕಟಿಸಿತು. ಭಾವನೆ ಅಂದರೆ ಏನು ಎಂಬುದರಲ್ಲೇ ವಿಜ್ಞಾನಿಗಳಲ್ಲಿ ಒಮ್ಮತ ಇಲ್ಲ ಅನ್ನುವುದು ಅವರು ಕೊಟ್ಟ ಕಾರಣಗಳಲ್ಲಿ ಒಂದು. ಯುರೋಪಿನ ಒಕ್ಕೂಟ ಕಾನೂನನ್ನೇ ಮಾಡಿದೆ. ಶಾಲೆಯಲ್ಲಿ, ಕೆಲಸದ ಜಾಗದಲ್ಲಿ ಜನರ ಭಾವನೆ ಅಳೆಯುವ ಯಂತ್ರ ಬಳಸುವಂತಿಲ್ಲ. ವೈದ್ಯಕೀಯ ಅಥವಾ ಸುರಕ್ಷತೆಯ ಕಾರಣಕ್ಕೆ ಮಾತ್ರ ವಿನಾಯಿತಿ. 2025ರ ಫೆಬ್ರವರಿ 2ರಿಂದ ಈ ನಿಷೇಧ ಜಾರಿಯಲ್ಲಿದೆ. ಅಲ್ಲಿ ತರಗತಿಯೊಳಗೆ ಬಿಟ್ಟುಕೊಳ್ಳದ ಸರಕನ್ನು ನಮ್ಮ ಮಕ್ಕಳ ಮುಂದೆ ತಂದು ಇಡುವುದು ಸರಿಯಾ?

ನಮ್ಮಲ್ಲೂ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಇದೆ. 18 ತುಂಬದವರೆಲ್ಲ ಅದರ ಪ್ರಕಾರ ಮಕ್ಕಳು. ಪಿಯುಸಿ ಮಕ್ಕಳಲ್ಲಿ ಹೆಚ್ಚಿನವರು ಅದರೊಳಗೆ ಬರುತ್ತಾರೆ. ಮಕ್ಕಳ ನಡವಳಿಕೆಯ ಮೇಲೆ ನಿಗಾ ಇಡುವಂತಿಲ್ಲ ಅಂತ 9ನೇ ಕಲಂ ಹೇಳುತ್ತದೆ. ಕೆಲವು ಸಂಸ್ಥೆಗಳಿಗೆ ವಿನಾಯಿತಿ ಕೊಡಲು ಅದೇ ಕಲಂನಲ್ಲಿ ಅವಕಾಶವೂ ಇದೆ. ಶಾಲೆಗಳಿಗೆ ಅಂತ ಇರುವ ಆ ದಾರಿಯಲ್ಲಿ ಭಾವನೆ ಅಳೆಯುವ ಕ್ಯಾಮೆರಾ ಒಳಗೆ ಬರದ ಹಾಗೆ ನೋಡಿಕೊಳ್ಳುವುದು ನಿಮ್ಮ ಕೈಯಲ್ಲಿದೆ. ಪೋಷಕರಿಂದ ಅಡ್ಮಿಷನ್ ದಿನ ಹತ್ತಾರು ಕಾಗದದ ಮಧ್ಯೆ ಒಂದು ಸಹಿ ಹಾಕಿಸಿಕೊಂಡರೆ ಅದು ಒಪ್ಪಿಗೆ ಆಗುವುದಿಲ್ಲ. ಸೀಟು ಬೇಕಾದವರು ಎಲ್ಲಿ ಸಹಿ ಹಾಕಿ ಅಂದರೂ ಹಾಕುತ್ತಾರೆ.

ಈ ವಿದ್ಯೆಯೇ ಬೇಡ ಅಂತ ನಾನು ಹೇಳುತ್ತಿಲ್ಲ. ಬೇಡ ಅಂದಿದ್ದರೆ ಈ ಕೆಲಸವನ್ನೇ ಮಾಡುತ್ತಿರಲಿಲ್ಲ. ಸಹಾಯವಾಣಿಗೆ ಫೋನ್ ಮಾಡಿದವರ ದನಿ ಕುಗ್ಗುತ್ತಿದೆ ಅಂತ, ಮಾತು ಕೇಳುತ್ತಿರುವ ಆಪ್ತಸಮಾಲೋಚಕರಿಗೆ ಒಂದು ಸೂಚನೆ ಬಂದರೆ ಉಪಯೋಗ ಆಗಬಹುದು. ಅಲ್ಲಿ ತೀರ್ಮಾನ ಮನುಷ್ಯರದ್ದು. 'ಏನಾಯ್ತು, ಹೇಳಮ್ಮಾ' ಅಂತ ಕೇಳಿ ಖಚಿತ ಮಾಡಿಕೊಳ್ಳಬಹುದು. ಅದಕ್ಕೂ ನಮ್ಮ ಜನರ ದನಿಯಿಂದ ಕಲಿತ ಯಂತ್ರ ಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ನೇತೃತ್ವದ 'ವಾಣಿ' ಯೋಜನೆ ಜಿಲ್ಲೆ ಜಿಲ್ಲೆಯ ಜನರಿಗೆ ಚಿತ್ರ ತೋರಿಸಿ, ಅವರದೇ ಮಾತಿನಲ್ಲಿ ಹೇಳಿಸಿ ಧ್ವನಿ ಸಂಗ್ರಹಿಸುತ್ತಿದೆ. ಜಿಲ್ಲೆಯ ಮಟ್ಟಕ್ಕೆ ಇಳಿದು ಈ ಕೆಲಸ ಮಾಡಬಹುದು ಅಂತ ಅದರಿಂದ ಗೊತ್ತಾಗುತ್ತದೆ. ಭಾವನೆಯ ವಿಷಯದಲ್ಲೂ ಹಾಗೆ ಮಾಡಲಿ. ಬಯಲುಸೀಮೆಯವರ ದನಿಯನ್ನು ಬಯಲುಸೀಮೆಯವರೇ, ಮಲೆನಾಡಿನವರದ್ದನ್ನು ಮಲೆನಾಡಿನವರೇ ಕೇಳಿ ಗುರುತಿಸಲಿ. ಸಾಧ್ಯವಾದಲ್ಲೆಲ್ಲ ಮಾತಾಡಿದವರನ್ನೇ 'ಆಗ ನಿಮಗೆ ಏನನ್ನಿಸುತ್ತಿತ್ತು' ಅಂತ ಕೇಳಲಿ. ಒಂದಕ್ಕಿಂತ ಹೆಚ್ಚು ಬಟನ್ ಒತ್ತಲು ಬಿಡಲಿ. 'ಗೊತ್ತಾಗುತ್ತಿಲ್ಲ' ಅಂತ ಹೇಳಲು ಯಂತ್ರಕ್ಕೂ ಕಲಿಸಲಿ.

ನಾಳೆ ಯಾರಾದರೂ ಆಸ್ಪತ್ರೆಗೋ ಸಹಾಯವಾಣಿಗೋ ಇಂಥದ್ದನ್ನು ಮಾರಲು ನಿಮ್ಮ ಕಚೇರಿಗೆ ಬಂದರೆ ಈ ಪ್ರಶ್ನೆಗಳನ್ನು ಕೇಳಿ. ಯಾವ ಊರಿನ, ಯಾವ ಭಾಷೆಯ, ಎಷ್ಟು ಜನರ ಮೇಲೆ ಪರೀಕ್ಷಿಸಿದ್ದೀರಿ? ಕಡೂರಿನವರಲ್ಲಿ ಎಷ್ಟು ತಪ್ಪಿತು, ಶೃಂಗೇರಿಯವರಲ್ಲಿ ಎಷ್ಟು ತಪ್ಪಿತು? ಹೆಂಗಸರ ದನಿಯಲ್ಲಿ, ವಯಸ್ಸಾದವರ ದನಿಯಲ್ಲಿ? ತೆಗೆದು ಹಾಕಿದ ತುಣುಕುಗಳು ಎಷ್ಟು? ಉತ್ತರವನ್ನು ಬರಹದಲ್ಲಿ ಕೊಡಲಿ, ನೀವು ಅದನ್ನು ಜನರಿಗೆ ತೋರಿಸಿ.

ಹಾಸ್ಟೆಲ್ ಮಕ್ಕಳ ಬಗ್ಗೆ ಇರುವ ಭಯಕ್ಕೆ ಇವತ್ತೇ ಮಾಡಬಹುದಾದ ಕೆಲಸಗಳಿವೆ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಗೆ ನಿಮ್ಹಾನ್ಸ್ ಬೆನ್ನೆಲುಬಾಗಿ ನಿಂತಿದೆ. 14416ಕ್ಕೆ ಕರೆ ಮಾಡಿದರೆ ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಆ ನಂಬರನ್ನು ಪ್ರತಿ ಹಾಸ್ಟೆಲಿನ ಗೋಡೆಯ ಮೇಲೆ ದೊಡ್ಡದಾಗಿ ಬರೆಸಿ. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ವಿಷಯ ವಾರ್ಡನ್‌ಗಳಿಗೆ, ಮೇಷ್ಟ್ರುಗಳಿಗೆ ತಿಳಿಸಿ. ಕ್ಯಾಮೆರಾಗೆ ಕೊಡುವ ದುಡ್ಡಿನಲ್ಲಿ ಕಾಲೇಜಿಗೊಬ್ಬರು ಆಪ್ತಸಮಾಲೋಚಕರನ್ನು ಇಟ್ಟುಕೊಳ್ಳಲಿ. ಮಕ್ಕಳಿಗೆ ಅವರ ಹೆಸರು ಗೊತ್ತಿರಬೇಕು, ಅವರ ಕೋಣೆಯ ಬಾಗಿಲು ತೆರೆದಿರಬೇಕು, ಅಲ್ಲಿ ಆಡಿದ ಮಾತು ಪ್ರಿನ್ಸಿಪಾಲರ ಕಿವಿಗೆ ಹೋಗಬಾರದು.

ನಮ್ಮ ಕಾಲೇಜಿನ ಆಡಳಿತ ಮಂಡಳಿ ದೀಪಾವಳಿ ರಜೆ ಮುಗಿದ ಮೇಲೆ ತೀರ್ಮಾನ ಮಾಡುತ್ತದಂತೆ. ಜಿಲ್ಲೆಯ ಯಾವ ಶಾಲೆ, ಕಾಲೇಜು, ಹಾಸ್ಟೆಲಿನಲ್ಲೂ ಭಾವನೆ ಅಳೆಯುವ ಕ್ಯಾಮೆರಾ ಅಳವಡಿಸಬಾರದು ಅಂತ ಅದಕ್ಕಿಂತ ಮುಂಚೆ ಒಂದು ಸುತ್ತೋಲೆ ಹೊರಡಿಸಿ. ನೀವು ಕರೆದರೆ ಬಂದು, ಈ ಕೆಲಸ ಹೇಗೆ ನಡೆಯುತ್ತದೆ ಅಂತ ಅಧಿಕಾರಿಗಳ ಮುಂದೆ ವಿವರಿಸಲು ನಾನು ಸಿದ್ಧಳಿದ್ದೇನೆ. ಇನ್ನೂ ಕೆಲವು ಪೋಷಕರು ಜೊತೆಗೆ ಬರುತ್ತೇವೆ ಅಂದಿದ್ದಾರೆ.

ಇಂತಿ ತಮ್ಮ ವಿಶ್ವಾಸಿ,
ಪಿಯುಸಿ ವಿದ್ಯಾರ್ಥಿನಿಯೊಬ್ಬಳ ತಾಯಿ,
ಚಿಕ್ಕಮಗಳೂರು